ಹಬೆಯಲ್ಲಿ ಬೆಂದ ಮಡಿ ಮಣ್ಣು

ನಿವೃತ್ತಿಯಾದವರಿಗೆ ಒಂದು ಅನುಕೂಲವಿದೆ. ಸತ್ಯ ಹೇಳಿದರೆ ಯಾರೂ ಮೆಮೊ ಕೊಡುವುದಿಲ್ಲ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ: ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಪ್ರತಿ ವರ್ಷವೂ ತಪ್ಪದೆ ಅಮೀಬಾ ಪಾಠ ಮಾಡಿ, ಕಣ್ಣು ಮುಚ್ಚಿಕೊಂಡು ಕರಿಹಲಗೆಯ ಮೇಲೆ ಅದರ ಚಿತ್ರ ಬರೆಯಬಲ್ಲವಳಾಗಿದ್ದ ನಾನು, ಒಂದೇ ಒಂದು ಜೀವಂತ ಅಮೀಬಾವನ್ನು ಕಣ್ಣಾರೆ ಕಂಡಿರಲಿಲ್ಲ. ನಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲವೆಂದಲ್ಲ. ಒಂದಿತ್ತು. ಅದು ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಖಾನೆಯಲ್ಲಿತ್ತು. ತಪಾಸಣೆಗೆ ಬಂದವರಿಗೆ ತೋರಿಸಬೇಕಾದ ವಸ್ತುವನ್ನು ಮಕ್ಕಳ ಕೈಗೆ ಕೊಟ್ಟು ಹಾಳು ಮಾಡುವುದುಂಟೆ ಎಂಬುದು ಒಬ್ಬರಾದ ಮೇಲೊಬ್ಬರು ಬಂದ ಎಲ್ಲ ಹೆಡ್‌ಮಾಸ್ಟರುಗಳ ಒಮ್ಮತದ ಅಭಿಪ್ರಾಯ. ನಾನೂ ಜಗಳಕ್ಕೆ ಹೋಗಲಿಲ್ಲ. ಅಂಚು ಹರಿದ ಚಾರ್ಟೊಂದು ಇತ್ತಲ್ಲ, ಅದನ್ನೇ ಮೊಳೆಗೆ ನೇತುಹಾಕಿ ಪಾಠ ಮುಗಿಸುತ್ತಿದ್ದೆ. ಅದನ್ನು ನೋಡಿಕೊಂಡು ಮಕ್ಕಳು ಬರೆದ ಅಮೀಬಾ ಒಬ್ಬರದು ಕರ್ನಾಟಕದ ನಕಾಶೆಯ ಹಾಗಿರುತ್ತಿತ್ತು, ಇನ್ನೊಬ್ಬರದು ಕೈತಪ್ಪಿ ಬಿದ್ದ ರಾಗಿ ಮುದ್ದೆಯ ಹಾಗೆ. ಯಾವುದನ್ನೂ ತಪ್ಪು ಎನ್ನುವಂತಿರಲಿಲ್ಲ, ಏಕೆಂದರೆ ಅಮೀಬಾಕ್ಕೆ ನಿಶ್ಚಿತ ಆಕಾರವಿಲ್ಲ ಎಂದು ನೋಟ್ಸ್ ಕೊಟ್ಟವಳು ನಾನೇ.

ಆಕಾರವಿಲ್ಲದಿದ್ದರೂ ಅದಕ್ಕೆ ನಿಶ್ಚಿತ ವಿಳಾಸವಿತ್ತು. ‘ಅಮೀಬಾ ಎಲ್ಲಿ ವಾಸಿಸುತ್ತದೆ?’ ‘ಕೊಳದ ನೀರಿನಲ್ಲಿ.’ ಒಂದು ಅಂಕದ ಪ್ರಶ್ನೆ. ಬೇರೆ ಏನು ಬರೆದರೂ ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಹಾಗೆಂದು ನಾನು ಕೆಟ್ಟ ಟೀಚರಾಗಿರಲಿಲ್ಲ, ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಆದರೆ ಒಂದು ಅಭ್ಯಾಸ ಅಂಟಿಕೊಂಡುಬಿಟ್ಟಿತ್ತು. ಬೋರ್ಡಿನ ಮೇಲೆ ನಾನೇನಾದರೂ ತಪ್ಪು ಬರೆದು, ಯಾವುದಾದರೂ ಮಗು ಎದ್ದುನಿಂತು ಅದನ್ನು ತೋರಿಸಿದರೆ, ‘ನೀವೆಲ್ಲಾ ಸರಿಯಾಗಿ ನೋಡ್ತಿದೀರಾ ಇಲ್ವಾ ಅಂತ ಪರೀಕ್ಷೆ ಮಾಡ್ದೆ’ ಎನ್ನುತ್ತಿದ್ದೆ. ಮೂವತ್ತೊಂದು ವರ್ಷ ಹೀಗೆ ಪರೀಕ್ಷೆ ಮಾಡುತ್ತಲೇ ಬಂದವಳ ನಾಲಿಗೆ ‘ತಪ್ಪಾಯ್ತು’ ಎಂಬ ಮೂರಕ್ಷರದ ಪದಕ್ಕೆ ತಿರುಗುವುದನ್ನೇ ಮರೆತುಬಿಟ್ಟಿತ್ತು. ಈಗ ನಾನು ಹೇಳಹೊರಟಿರುವುದು ಆ ನಾಲಿಗೆಯಿಂದ ಒಬ್ಬ ಮುದುಕಿ ಪಟ್ಟ ಪಾಡಿನ ಕಥೆ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಮನೆಯಲ್ಲಿ ಮೂರೇ ಜನ: ನಾನು, ನಮ್ಮ ಯಜಮಾನರು, ಅವರ ತಾಯಿ. ನಮ್ಮ ಮೂವರಿಗಿಂತ ಹೆಚ್ಚಿನ ಮರ್ಯಾದೆ ಇರುವುದು ಗೇಟಿಗೂ ಬಾಗಿಲಿಗೂ ನಡುವೆ ಪುಟ್ಟ ಕಟ್ಟೆಯ ಮೇಲೆ ಕುಂಡದಲ್ಲಿರುವ ತುಳಸಿಗೆ. ನಮ್ಮ ಅತ್ತೆಗೆ ಎಂಬತ್ತನಾಲ್ಕು ವರ್ಷ. ಆ ತುಳಸಿ ಅವರ ತವರಿನದು. ಮದುವೆಯಾಗಿ ಬರುವಾಗ ಸೆರಗಿನ ತುದಿಯಲ್ಲಿ ಅದರ ಬೀಜ ಗಂಟು ಹಾಕಿಕೊಂಡು ಬಂದರಂತೆ. ಗಿಡ ಮುದಿಯಾದಾಗ ಅದರದೇ ಬೀಜದಿಂದ ಇನ್ನೊಂದು, ಅದು ಮುದಿಯಾದಾಗ ಮತ್ತೊಂದು. ರಾಜಾಜಿನಗರದ ಬಾಡಿಗೆ ಮನೆಗಳಲ್ಲಿ ಎಣ್ಣೆ ಡಬ್ಬಿಯಲ್ಲಿ ಬೆಳೆದು, ಈ ಸ್ವಂತ ಮನೆಗೆ ಬಂದ ಮೇಲೆ ಕಟ್ಟೆ ಏರಿದ ವಂಶ ಅದು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅದಕ್ಕೆ ನೀರೆರೆಯಲು ನನಗೆ ಅನುಮತಿಯೇ ಇರಲಿಲ್ಲ. ಕಾಲೇಜಿನಲ್ಲಿ ಕಪ್ಪೆ ಕೊಯ್ದಿದ್ದೆನೆಂದು ಜಂಬದಿಂದ ನಾನೇ ಹೇಳಿಕೊಂಡದ್ದು ಅದಕ್ಕೆ ಕಾರಣ. ‘ಕಪ್ಪೆ ಕೊಯ್ದ ಕೈ, ತೊಳೆದ್ರೆ ಹೋಗತ್ತಾ?’ ಎಂದು ಅತ್ತೆ ಒಂದು ವರ್ಷ ಯೋಚಿಸಿದರು. ಆಮೇಲೆ ಹೋಗುತ್ತದೆಂದು ತೀರ್ಮಾನಿಸಿದರು.

ದಸರಾ ಮುಗಿದ ಮೇಲೆ ಅತ್ತೆ ನಂದಿನಿ ಲೇಔಟಿನ ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹೋದರು. ಆ ನಾಲ್ಕು ದಿನದಲ್ಲೇ ತುಳಸಿ ಕುಂಡ ಬಿರುಕು ಬಿಡಬೇಕೆ? ಬಿಟ್ಟಿತು. ಹೊಸ ಕುಂಡ ತಂದೆ, ಒಂದು ಚೀಲ ಮಣ್ಣೂ ತಂದೆ. ಸುಮ್ಮನೆ ಮಣ್ಣು ತುಂಬಿ ಗಿಡ ನೆಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಅದಕ್ಕೆ ಸ್ವಲ್ಪ ಮೊದಲು ನಾನು ಹೊಟ್ಟೆ ಕೆಟ್ಟು ಒಂದು ವಾರ ಮಲಗಿದ್ದೆ. ಡಾಕ್ಟರು ಸಂಕ್ಷಿಪ್ತವಾಗಿ ‘ಅಮೀಬಾ’ ಎಂದಿದ್ದರು. ಇಷ್ಟು ವರ್ಷ ಹೆಸರು ಹೇಳಿಕೊಂಡು ಬದುಕಿದವಳ ಹೊಟ್ಟೆಗೇ ಬಂದು ಕೂತಿತಲ್ಲ ಎಂದು ನನಗೆ ವಿಪರೀತ ಸಿಟ್ಟು ಬಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕುದಿಯದೆ ಏನೂ ಒಳಗೆ ಬರುತ್ತಿರಲಿಲ್ಲ. ಸೌತೆಕಾಯಿಯನ್ನು ಬಿಸಿನೀರಿನಲ್ಲಿ ಅದ್ದಿ ಕೋಸಂಬರಿ ಮಾಡಿದ ದಿನ ಯಜಮಾನರು ತಟ್ಟೆ ನೋಡಿ ನಿಟ್ಟುಸಿರು ಬಿಟ್ಟಿದ್ದರು. ಅಂಥ ಆವೇಶದಲ್ಲಿದ್ದ ನನ್ನ ಮುಂದೆ ಚೀಲದ ತುಂಬ ಮಣ್ಣು ಬಂದು ಕೂತರೆ ಬಿಡುತ್ತೇನೆಯೆ? ಅದರಲ್ಲಿ ಏನೇನಿದೆಯೋ ಯಾರಿಗೆ ಗೊತ್ತು. ಅತ್ತೆ ದಿನವೂ ಆ ಮಣ್ಣನ್ನು ಮುಟ್ಟಿ ಹಣೆಗೆ ಇಟ್ಟುಕೊಳ್ಳುತ್ತಾರೆ.

ಒಳಗಿನಿಂದ ಅತ್ತೆಯ ದೊಡ್ಡ ಇಡ್ಲಿ ಪಾತ್ರೆ ತಂದೆ. ತಟ್ಟೆಗಳ ಮೇಲೆ ಬಟ್ಟೆ ಹಾಸಿ, ಮಣ್ಣನ್ನು ಹದವಾಗಿ ಒದ್ದೆ ಮಾಡಿ, ಗುಳಿಗಳಿಗೆ ತುಂಬಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದೆ. ಹೀಗೆ ಐದು ಒಬ್ಬೆ. ಪ್ರತಿ ಒಬ್ಬೆಯೂ ಮೇಲೆ ಸಣ್ಣಗೆ ಉಬ್ಬಿ, ಕಪ್ಪಗೆ, ರಾಗಿ ಇಡ್ಲಿಯ ಹಾಗೆ ಬಿಟ್ಟುಕೊಂಡು ಬಂತು. ಮನೆ ತುಂಬ ಮೊದಲ ಮಳೆಯ ವಾಸನೆ. ಆರಿಸಿ, ಪುಡಿ ಮಾಡಿ, ಕುಂಡಕ್ಕೆ ತುಂಬಿದೆ. ತುಳಸಿಯ ಬೇರಿಗೆ ಅಂಟಿದ್ದ ಹಳೆಯ ಮಣ್ಣನ್ನೂ ಬಿಡಲಿಲ್ಲ, ನಲ್ಲಿಯ ಕೆಳಗೆ ಹಿಡಿದು ಮಗುವಿನ ತಲೆ ತೊಳೆದ ಹಾಗೆ ತೊಳೆದೆ. ಇಡ್ಲಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇದ್ದಲ್ಲೇ ಇಟ್ಟೆ. ಅತ್ತೆ ಮರಳಿ ಬಂದವರು ಹೊಸ ಕುಂಡ ನೋಡಿ, ‘ಮಣ್ಣು ಎಲ್ಲೀದು?’ ಎಂದು ಕೇಳಿದರು. ‘ಒಳ್ಳೇ ಮಣ್ಣು ಅತ್ತೆ, ಪೂರ್ತಿ ಮಡಿ’ ಎಂದೆ. ಮಡಿಯ ವಿಷಯದಲ್ಲಿ ಅತ್ತೆಯನ್ನೂ ಮೀರಿಸಿದೆನೆಂದು ಒಳಗೊಳಗೇ ಬೀಗಿದೆ.

ಒಂದು ವಾರ ತುಳಸಿ ಹೇಗಿತ್ತೋ ಹಾಗೇ ಇತ್ತು. ಎರಡನೆಯ ವಾರ ಕೆಳಗಿನ ಎಲೆಗಳು ಹಳದಿಯಾದವು. ಆಮೇಲೆ ಮೇಲಿನವು. ಮುಟ್ಟಿದರೆ ಉದುರತೊಡಗಿದವು. ನಾನು ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಅಕ್ಕಿ ತೊಳೆದ ನೀರು ಹಾಕಿದೆ. ಪ್ರಯೋಜನವಾಗಲಿಲ್ಲ. ಅತ್ತೆ ಏನಾದರೂ ಅನ್ನಬಹುದು, ಅಂದರೆ ಏನು ಉತ್ತರ ಕೊಡಬೇಕು ಎಂದೆಲ್ಲ ನಾನು ಸಿದ್ಧವಾಗಿದ್ದೆ. ಹವಾಮಾನ, ಮೆಟ್ರೋ ಕೆಲಸದ ಧೂಳು, ಎದುರು ಮನೆಯ ಮೂರನೆಯ ಮಹಡಿಯ ನೆರಳು ಎಂದು ಕಾರಣಗಳ ಪಟ್ಟಿಯೇ ನನ್ನ ಬಳಿ ಇತ್ತು. ಆದರೆ ಅತ್ತೆ ಏನೂ ಅನ್ನಲಿಲ್ಲ. ಅವರು ಮಾತೇ ಕಡಿಮೆ ಮಾಡಿದರು. ಬೆಳಗಿನ ತಿಂಡಿ ಬಿಟ್ಟರು. ಒಂದು ದಿನ ಬೆಳಗಿನ ಐದೂವರೆಗೆ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿ ಎದ್ದು ಹೋದರೆ, ಗೀಸರಿನ ಕೆಂಪು ದೀಪ ಹತ್ತಿರಲಿಲ್ಲ. ಮಂಡಿ ನೋವಿಗೆ ಬಿಸಿನೀರೇ ಆಗಬೇಕೆಂದು ಡಾಕ್ಟರು ಹೇಳಿದ್ದ ಎಂಬತ್ತನಾಲ್ಕರ ಹೆಂಗಸು ಆ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದರು.

‘ಯಾಕಂತೆ?’ ಎಂದು ಯಜಮಾನರನ್ನು ಕೇಳಿದೆ. ಅವರು ಪತ್ರಿಕೆ ಮಡಿಸಿಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ‘ತುಳಸಿ ಒಣಗ್ತಿರೋದು ತನ್ನಿಂದ್ಲೇ ಅಂತ ಅಂದ್ಕೊಂಡಿದಾಳೆ ಕಣೇ ಅಮ್ಮ. ಕಾಲು ಬರಲ್ಲ ಅಂತ ಈ ವರ್ಷ ಪ್ರದಕ್ಷಿಣೆ ಬಿಟ್ಟು, ನಿಂತಲ್ಲೇ ಸುತ್ತಿಬಿಡ್ತಿದ್ಲಲ್ಲ. ಗೀಸರ್ ನೀರಲ್ಲಿ ಸ್ನಾನ ಮಾಡಿ ಪೂಜೆ ಮಾಡ್ತಿದ್ಲಲ್ಲ. ಮಡಿ ಕೆಟ್ಟಿದ್ದಕ್ಕೇ ತವರಿನ ತುಳಸಿ ಹೊರಟು ನಿಂತಿದೆಯಂತೆ. ಉತ್ಥಾನ ದ್ವಾದಶಿ ಹೊತ್ಗೆ ಚಿಗುರ್ದೇ ಇದ್ರೆ ತನ್ನದೂ ಮುಗೀತು ಅಂತಾಳೆ.’ ನನಗೆ ಕೂತ ಕುರ್ಚಿ ಚುಚ್ಚಿದಂತಾಯಿತು. ಇಡ್ಲಿ ಪಾತ್ರೆಯ ವಿಷಯ ಯಜಮಾನರಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲೇ ಎದ್ದು ಒಳಗೆ ಹೋಗಿ, ‘ಅತ್ತೆ, ಅದು ನಿಮ್ಮಿಂದ ಅಲ್ಲ, ನನ್ನಿಂದ’ ಎಂದಿದ್ದರೆ ತಣ್ಣೀರಿನ ಸ್ನಾನ ಅಂದೇ ನಿಲ್ಲುತ್ತಿತ್ತು. ನನಗದು ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಮಾಡಿದ ನಿರ್ಧಾರವೇ ಬೇರೆ: ದ್ವಾದಶಿಯೊಳಗೆ ತುಳಸಿಯನ್ನು ಚಿಗುರಿಸಿಯೇ ತೀರುತ್ತೇನೆ, ಆಗ ಯಾರೂ ಯಾರಿಗೂ ಏನೂ ಹೇಳಬೇಕಾಗುವುದಿಲ್ಲ. ಒಂದು ಪದ ಹೇಳುವುದರ ಬದಲು ಒಂದು ಗಿಡಕ್ಕೆ ಜೀವ ಕೊಡುವುದೇ ಸುಲಭವೆಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಶೋಭಾ ನೆನಪಾದದ್ದು ಆಗ. ನನ್ನ ಹಳೆಯ ವಿದ್ಯಾರ್ಥಿನಿ. ಮಣ್ಣಿನೊಳಗಿನ ಜೀವಿಗಳ ಬಗ್ಗೆಯೇ ಓದಿ, ಈಗ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ನಾಗರಬಾವಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಕುಂಡದ ಮಣ್ಣನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಅವಳು ಬಾಗಿಲು ತೆಗೆದು, ‘ಅಯ್ಯೋ ಮಿಸ್!’ ಎಂದು ಕಾಲಿಗೆ ಬಿದ್ದಳು. ನಾನು ಡಬ್ಬಿ ಮುಂದಿಟ್ಟು, ನಮ್ಮ ಪಕ್ಕದ ಮನೆಯವರೊಬ್ಬರು ಹೀಗೆ ಇಡ್ಲಿ ಪಾತ್ರೆಯಲ್ಲಿ ಮಣ್ಣು ಬೇಯಿಸಿ, ಬೇರು ತೊಳೆದು ತುಳಸಿ ನೆಟ್ಟಿದ್ದಾರೆಂದೂ, ಪಾಪ ಏನೂ ತಿಳಿಯದ ಜನರೆಂದೂ ಹೇಳಿದೆ. ಶೋಭಾ ನನ್ನ ಮುಖವನ್ನು ಎರಡು ಕ್ಷಣ ಹೆಚ್ಚಾಗಿಯೇ ನೋಡಿದಳು. ‘ತುಂಬಾ ಕ್ಲೀನ್ ಜನ ಅನ್ಸತ್ತೆ ಮಿಸ್ ಆ ಪಕ್ಕದ್ಮನೆಯವ್ರು’ ಎಂದಳು. ಅವಳ ಊಟದ ಮೇಜಿನ ಮೇಲೆಯೇ ಸೂಕ್ಷ್ಮದರ್ಶಕವಿತ್ತು. ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ. ಬೀರುವೂ ಇಲ್ಲ, ಬೀಗವೂ ಇಲ್ಲ.

ನನ್ನ ಮಣ್ಣಿಗೆ ಎರಡು ಹನಿ ನೀರು ಬೆರೆಸಿ, ಗಾಜಿನ ಮೇಲೆ ಹಾಕಿ, ಅವಳು ನೋಡಿದಳು, ನನಗೂ ತೋರಿಸಿದಳು. ಕಸಕಡ್ಡಿ, ಮರಳ ಚೂರು, ಅಲ್ಲಲ್ಲಿ ಮಿಣುಮಿಣುಕುವ ಬ್ಯಾಕ್ಟೀರಿಯಾ. ಬೇರೇನೂ ಇಲ್ಲ. ‘ಈಗ ಇದನ್ನ ನೋಡಿ’ ಎಂದು, ಅವಳ ಮನೆ ಕಾಂಪೌಂಡಿನ ಮೂಲೆಯ ದಾಸವಾಳದ ಬುಡದ ಮಣ್ಣನ್ನು ಎರಡು ದಿನದಿಂದ ನೆನೆಹಾಕಿದ್ದ ಬಟ್ಟಲಿನಿಂದ ಒಂದು ಹನಿ ಇಟ್ಟಳು. ನಾನು ಕನ್ನಡಕ ತೆಗೆದು ಕಣ್ಣಿಟ್ಟೆ. ಮೊದಲು ಕಂಡದ್ದು ಗಲಾಟೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಹಬ್ಬದ ಮುಂಚಿನ ಸಂಜೆ ಹೇಗಿರುತ್ತದೋ ಹಾಗೆ. ಬಾಲದಂಥ ಕಶಾಂಗ ಬೀಸುತ್ತ ನಡುಗುತ್ತ ಓಡುವವು, ಮೈತುಂಬ ಲೋಮಾಂಗದ ಕೂದಲಿಟ್ಟುಕೊಂಡು ಉರುಳುವವು, ಹೂಜಿಯಂಥ ಚಿಪ್ಪಿನ ಮನೆಯನ್ನು ಹೊತ್ತುಕೊಂಡೇ ಹೊರಟವು, ಹಸಿರಾಗಿ ಸುಮ್ಮನೆ ಬಿಸಿಲು ಕಾಯುವವು. ‘ಸ್ವಲ್ಪ ತಾಳಿ ಮಿಸ್, ಎಡಗಡೆ, ಆ ಮರಳಿನ ಪಕ್ಕ’ ಎಂದಳು ಶೋಭಾ. ಮರಳಿನ ಚೂರಿನ ಪಕ್ಕ ಏನೂ ಇರಲಿಲ್ಲ. ಆಮೇಲೆ ಆ ಏನೂ ಇಲ್ಲದ್ದೇ ಮೆಲ್ಲಗೆ ಒಂದು ಕಡೆ ಉಬ್ಬಿತು. ಉಬ್ಬಿದ ಕಡೆಗೆ ಒಳಗಿನದೆಲ್ಲ ಸದ್ದಿಲ್ಲದೆ ಹರಿಯಿತು. ಇನ್ನೊಂದು ಕಾಲು ಹುಟ್ಟಿತು, ಮೊದಲಿನದು ಕರಗಿತು. ಮಿಥ್ಯಪಾದ! ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೆ ಆ ಪದವನ್ನು. ನಮ್ಮ ಚಾರ್ಟಿನಲ್ಲಿದ್ದ ನೇರಳೆ ಬಣ್ಣ ಅದಕ್ಕಿರಲಿಲ್ಲ, ಬಣ್ಣವೇ ಇರಲಿಲ್ಲ. ಒಂದು ಬ್ಯಾಕ್ಟೀರಿಯಾವನ್ನು ಅದು ತಬ್ಬಿಕೊಂಡ ಹಾಗೆ ಸುತ್ತುವರಿದು ನುಂಗಿತು. ನನ್ನ ಕಣ್ಣು ತುಂಬಿ ಬಂದು ಎಲ್ಲವೂ ಮಸುಕಾಯಿತು. ‘ಫೋಕಸ್ ಹೋಯ್ತು’ ಎಂದೆ. ಶೋಭಾ ಕಾಫಿ ಮಾಡಲು ಒಳಗೆ ಹೋದಳು.

ಕಾಫಿ ಕುಡಿಯುತ್ತ ಅವಳು ನನಗೆ ಪಾಠ ಮಾಡಿದಳು. ನಾನು ಕೈಕಟ್ಟಿ ಕೂತಿದ್ದೆ. ಇವನ್ನೆಲ್ಲ ಒಟ್ಟಿಗೆ ಪ್ರೋಟಿಸ್ಟ್ ಎನ್ನುವುದೇ ಒಂದು ಅನುಕೂಲಕ್ಕಂತೆ. ಗಿಡವಲ್ಲ, ಪ್ರಾಣಿಯಲ್ಲ, ಅಣಬೆಯೂ ಅಲ್ಲ ಎನ್ನುವುದನ್ನೆಲ್ಲ ತಂದು ಒಂದು ಹೆಸರಿನ ಕೆಳಗೆ ಸೇರಿಸಿದ್ದಾರಂತೆ, ನಮ್ಮ ಶಾಲೆಯ ಅರ್ಜಿಗಳಲ್ಲಿ ಕೊನೆಗೊಂದು ‘ಇತರೆ’ ಎಂಬ ಕಲಂ ಇರುತ್ತಿತ್ತಲ್ಲ, ಹಾಗೆ. ಒಳಗೆ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಷ್ಟು ದೂರ. ಶಿಲೀಂಧ್ರದ ಗೋಡೆಗೆ ತೂತು ಕೊರೆದು ಒಳಗಿನದನ್ನು ಹೀರುವವುಂಟು, ಬೇರಿಗೆ ರೋಗ ತರುವವುಂಟು, ತಮ್ಮ ತಮ್ಮಲ್ಲೇ ತಿನ್ನುವವುಂಟು. ಆದರೆ ಬಹಳಷ್ಟರ ಕೆಲಸ ಬ್ಯಾಕ್ಟೀರಿಯಾ ಮೇಯುವುದು. ಮಣ್ಣಿನ ಕಣಗಳ ಸುತ್ತ ಇರುವ ತೆಳ್ಳನೆಯ ನೀರಿನ ಪದರವೇ ಅವಕ್ಕೆ ಊರು. ‘ಗಿಡಕ್ಕೆ ಬೇಕಾದ ಸಾರಜನಕಾನ ಬ್ಯಾಕ್ಟೀರಿಯಾ ತಮ್ಮ ಮೈಯೊಳಗೆ ಹಿಡಿದಿಟ್ಕೊಂಡುಬಿಡ್ತವೆ ಮಿಸ್. ಅವನ್ನ ತಿಂದು, ತಮಗೆ ಜಾಸ್ತಿ ಆಗಿದ್ದನ್ನ ಇವು ಹೊರಗೆ ಬಿಡ್ಬೇಕು. ಆಗ ಅದು ಬೇರಿಗೆ ಸಿಗತ್ತೆ. ನೀವು... ಅಂದ್ರೆ ಆ ಪಕ್ಕದ್ಮನೆಯವ್ರು ಬೇಯಿಸಿದಾಗ ಎಲ್ಲಾ ಸತ್ತೋದ್ವು. ಬ್ಯಾಕ್ಟೀರಿಯಾ ಗಾಳೀಲಿ ನೀರಲ್ಲಿ ಬೇಗ ವಾಪಸ್ ಬಂದ್ವು. ಮೇಯೋರು ಬರ್ಲಿಲ್ಲ. ಜೊತೆಗೆ ಬೇರನ್ನೂ ತೊಳೆದಿದಾರೆ, ಅದೂ ಒಂದು ಏಟು.’ ನನ್ನ ತಲೆಯಲ್ಲಿ ಒಂದು ಪದ ಮಿಂಚಿತು. ‘ಅಂದ್ರೆ ತುಳಸಿ ಉಣ್ಣೋದು ಅಮೀಬಾದ ಎಂಜಲು!’ ಎಂದೆ. ಶೋಭಾ ಚಪ್ಪಾಳೆ ತಟ್ಟಿ ನಕ್ಕಳು. ಲೋಟ ತೊಳೆಯದೆ ಒಳಗಿಡಬಾರದ, ಎಡಗೈ ಬಲಗೈ ಲೆಕ್ಕವಿರುವ ನಮ್ಮ ಮನೆಯ ದೇವರು ಎಂಜಲುಂಡು ಬೆಳೆಯುತ್ತಿದ್ದಳೆಂಬುದು, ನಾನು ಅವಳ ಬಾಯಿಂದ ಆ ಎಂಜಲನ್ನೂ ಕಿತ್ತುಕೊಂಡೆನೆಂಬುದು ನನಗೆ ಆ ಕ್ಷಣ ಅರ್ಥವಾಯಿತು.

ಹೊರಡುವಾಗ ಶೋಭಾ ಮೆಲ್ಲಗೆ ಹೇಳಿದಳು: ‘ಮಿಸ್, ಒಂಬತ್ತನೇ ಕ್ಲಾಸಲ್ಲಿ ಅಮೀಬಾ ಮಣ್ಣಲ್ಲೂ ಇರತ್ತೆ ಅಂತ ಬರ್ದಿದ್ದೆ ನಾನು. ಅರ್ಧ ಮಾರ್ಕ್ಸ್ ಕಟ್ ಮಾಡಿದ್ರಿ.’ ಇದಕ್ಕಿಂತ ಒಳ್ಳೆಯ ಸಮಯ ಯಾರಿಗೆ ಸಿಗುತ್ತದೆ ಹೇಳಿ? ನಾಲಿಗೆಯ ತುದಿಯವರೆಗೂ ಬಂತು. ಬಂದದ್ದು ತಿರುಗಿ, ‘ಟೆಕ್ಸ್ಟ್ ಬುಕ್ಕಲ್ಲಿ ಇರ್ಲಿಲ್ವಲ್ಲಮ್ಮಾ’ ಎಂದಾಗಿ ಹೊರಬಿತ್ತು. ಅವಳು ನಕ್ಕು, ‘ಹಳೇ ಮರದ ಬುಡದಿಂದ ಒಂದೆರಡು ಬೊಗಸೆ ಜೀವ ಇರೋ ಮಣ್ಣು ತಂದು ಬೆರೆಸೋಕೆ ಹೇಳಿ ಆ ಪಕ್ಕದ್ಮನೆಯವ್ರಿಗೆ. ದಯವಿಟ್ಟು ತೊಳೀಬೇಡಿ ಅಂತ್ಲೂ ಹೇಳಿ’ ಎಂದಳು.

ಎರಡು ಬೊಗಸೆ ಮಣ್ಣು! ಕೇಳುವುದಕ್ಕೆ ಎಷ್ಟು ಸುಲಭ. ನೀವೊಮ್ಮೆ ನಮ್ಮ ಕಡೆ ಹುಡುಕಿ ನೋಡಿ. ಮನೆ ಮುಂದೆ ಟೈಲ್ಸ್, ರಸ್ತೆಗೆ ಟಾರು, ಫುಟ್‌ಪಾತಿಗೆ ಕಲ್ಲು, ಮರದ ಬುಡಕ್ಕೂ ಕಾಂಕ್ರೀಟಿನ ಕಾಲುಂಗುರ. ನರ್ಸರಿಗೆ ಹೋದರೆ, ‘ಮಣ್ಣು ಈಗ್ಯಾರು ಇಡ್ತಾರೆ ಮೇಡಂ, ಕೊಕೊಪೀಟ್ ತಗೊಳಿ, ತೆಂಗಿನ ನಾರಿನ ಪುಡಿ, ಫುಲ್ ಕ್ಲೀನು’ ಎಂದರು. ಕ್ಲೀನು ಎಂಬ ಮಾತು ಕೇಳಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೊನೆಗೆ ಹೊಳೆದದ್ದು ನಮ್ಮ ಬಡಾವಣೆಯ ಪಾರ್ಕಿನ ಹಿಂದಿನ ಮೂಲೆ. ಅಲ್ಲೊಂದು ಹಳೆಯ ಹೊಂಗೆ ಮರವಿದೆ. ಗುಡಿಸಿದ ತರಗೆಲೆಯನ್ನೆಲ್ಲ ತಂದು ಅದರ ಬುಡಕ್ಕೆ ಸುರಿಯುತ್ತಾರೆ. ಕೊಳಕಾಗಿ ಕಾಣುತ್ತದೆಂದು ಹಿಂದಿನ ವರ್ಷ ಅದರ ವಿರುದ್ಧ ದೂರು ಬರೆದವಳೂ ನಾನೇ. ದೀಪಾವಳಿಯ ಸಾಮಾನು ತರಲು ಹೋದವಳು ಹಾಗೇ ಪಾರ್ಕಿಗೆ ನುಗ್ಗಿ, ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಎಲೆ ಸರಿಸಿ, ಮನೆಯಿಂದಲೇ ತಂದಿದ್ದ ಸೌಟಿನಲ್ಲಿ ಡಬ್ಬಿಗೆ ಮಣ್ಣು ತುಂಬತೊಡಗಿದೆ.

‘ಏನಮ್ಮಾ ಅದು ಹೂಳ್ತಿರೋದು?’ ಎಂಬ ಗದರಿಕೆ ಹಿಂದಿನಿಂದ ಬಂತು. ವಾಚ್‌ಮನ್ನು. ‘ಹೂಳ್ತಿಲ್ಲಪ್ಪಾ, ತೆಗೀತಾ ಇದೀನಿ’ ಎಂದೆ. ಅದು ಇನ್ನೂ ಕೆಟ್ಟ ಉತ್ತರವೆಂದು ಅವನ ಮುಖ ನೋಡಿದ ಮೇಲೆ ತಿಳಿಯಿತು. ಅವನ ಕಣ್ಣು ನನ್ನ ಚೀಲದ ಮೇಲಿತ್ತು. ಸ್ಕೂಟರ್ ಪೂಜೆಗೆಂದು ಕೊಂಡ ಬೂದುಗುಂಬಳ, ಒಂಬತ್ತು ನಿಂಬೆಹಣ್ಣು, ಅರಿಶಿನ, ಕುಂಕುಮ ಅದರಿಂದ ಇಣುಕುತ್ತಿದ್ದವು. ಅಂದು ಅಮಾವಾಸ್ಯೆ. ‘ಎಜುಕೇಟೆಡ್ ತರ ಕಾಣ್ತೀರ, ಪಾರ್ಕಲ್ಲಿ ಮಾಟ ಮಾಡ್ತೀರಲ್ಲಮ್ಮಾ, ಮಕ್ಳು ಆಡೋ ಜಾಗ’ ಎಂದ. ವಾಕಿಂಗಿಗೆ ಬಂದ ನಾಲ್ಕು ಜನ ನಿಂತರು. ನಾನು ಎದ್ದುನಿಂತು, ಸೌಟನ್ನೇ ಕೋಲಿನ ಹಾಗೆ ಹಿಡಿದು, ಮಣ್ಣಿನಲ್ಲಿ ಪ್ರೋಟಿಸ್ಟುಗಳ ಪಾತ್ರವೇನೆಂದು ವಿವರಿಸಿದೆ. ಬ್ಯಾಕ್ಟೀರಿಯಾವನ್ನು ಅವು ಸುತ್ತುವರಿದು ತಿನ್ನುವ ವಿಧಾನವನ್ನು ಕೈಯಲ್ಲಿ ಮಾಡಿ ತೋರಿಸಿದೆ. ವಾಚ್‌ಮನ್ ಮೂರು ಹೆಜ್ಜೆ ಹಿಂದೆ ಸರಿದ. ‘ನೀವು ಏನಾದ್ರೂ ಸಾಕ್ಕೊಳಿ ಅಮ್ಮಾ, ಆದ್ರೆ ಮನೆಗೆ ತಗೊಂಡೋಗಿ’ ಎಂದು ಗೇಟು ತೆರೆದು ಹಿಡಿದ. ಆ ದಿನದಿಂದ ಪಾರ್ಕಿನಲ್ಲಿ ನಾನು ಕೂರುವ ಬೆಂಚಿಗೆ ಬೇರೆ ಯಾರೂ ಬರುವುದಿಲ್ಲ.

ಹೊಂಗೆಯ ಮಣ್ಣನ್ನು ಕುಂಡದ ಮೇಲ್ಪದರಕ್ಕೆ ಬೆರೆಸಿ, ತರಗೆಲೆಯ ಪುಡಿ ಮುಚ್ಚಿ, ಹಿತವಾಗಿ ನೀರು ಚಿಮುಕಿಸಿದೆ. ದಿನಕ್ಕೆ ಆರು ಸಲ ಭೂತಗನ್ನಡಿ ಹಿಡಿದು ಕಡ್ಡಿಗಳನ್ನು ನೋಡಿದೆ. ಐದು ದಿನ ಏನೂ ಇಲ್ಲ. ಎಂಟು ದಿನ ಏನೂ ಇಲ್ಲ. ಅತ್ತೆಯ ತಣ್ಣೀರು ಸ್ನಾನ ನಡೆದೇ ಇತ್ತು. ‘ಬೇಡಿ ಅತ್ತೆ, ಚಳಿ’ ಎಂದರೆ ‘ನನ್ನದು ನನಗಿರ್ಲಿ’ ಎನ್ನುತ್ತಿದ್ದರು. ಕೆಮ್ಮು ಶುರುವಾಯಿತು. ಹತ್ತನೆಯ ದಿನ ದಾಟಿ ಹನ್ನೊಂದನೆಯ ಬೆಳಗ್ಗೆ, ಅಂದರೆ ದ್ವಾದಶಿಯ ಹಿಂದಿನ ದಿನ, ಬುಡದ ಗೆಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಭೂತಗನ್ನಡಿ ಒರೆಸಿಕೊಂಡು ಮತ್ತೆ ನೋಡಿದೆ. ಹಸಿರೇ! ಗೆದ್ದೆ ಎಂದು ಒಳಗೆ ಓಡಿದೆ. ಅತ್ತೆ ಬಚ್ಚಲಿನ ಬಾಗಿಲ ಚೌಕಟ್ಟು ಹಿಡಿದು, ಒದ್ದೆ ಸೀರೆಯಲ್ಲಿ, ಕೆಮ್ಮಿ ಕೆಮ್ಮಿ ಬಗ್ಗಿ ನಿಂತಿದ್ದರು. ತುಟಿ ನೀಲಿಯಾಗಿತ್ತು. ಚಿಗುರಿನ ಸುದ್ದಿ ಹೇಳಿದರೆ ಅವರು ಏನೆಂದುಕೊಳ್ಳುತ್ತಾರೆಂದು ನನಗೆ ಆಗ ತಟ್ಟನೆ ಹೊಳೆಯಿತು. ತಣ್ಣೀರಿನಿಂದಲೇ ಚಿಗುರಿತು ಎನ್ನುತ್ತಾರೆ. ಬದುಕಿರುವವರೆಗೂ ತಣ್ಣೀರು ಬಿಡುವುದಿಲ್ಲ. ನನ್ನ ಗೆಲುವು ಅವರನ್ನು ಕೊಲ್ಲುತ್ತದೆ.

ಅವರನ್ನು ಒಣಗಿದ ಸೀರೆಯಲ್ಲಿ ಸುತ್ತಿ ಮಂಚದ ಮೇಲೆ ಕೂರಿಸಿ, ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಹೊಟ್ಟೆ ಕೆಟ್ಟದ್ದರಿಂದ ಶುರುಮಾಡಿ, ಮಣ್ಣು ಬೇಯಿಸಿದ್ದು, ಬೇರು ತೊಳೆದದ್ದು, ಬ್ಯಾಕ್ಟೀರಿಯಾ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದು, ಅಮೀಬಾ ಬಿಟ್ಟದ್ದನ್ನು ಬೇರು ಹೀರುವುದು, ತುಳಸಿ ಒಣಗಿದ್ದಕ್ಕೂ ಮಡಿಗೂ ಯಾವ ಸಂಬಂಧವೂ ಇಲ್ಲದಿರುವುದು. ಅತ್ತೆ ಕದಲದೆ ಕೇಳಿದರು. ‘ಎಂಜಲು ಉಣ್ತಾಳಾ ತುಳಸಮ್ಮ?’ ಎಂದು ಒಂದು ಸಲ ಕೇಳಿ, ತಾವೇ ‘ಜೇನುತುಪ್ಪ ಏನು ಮತ್ತೆ, ಅದೂ ಎಂಜಲೇ’ ಎಂದು ಸಮಾಧಾನ ಮಾಡಿಕೊಂಡರು. ಆಮೇಲೆ ಅವರ ಮುಖ ಬಿಗಿಯಿತು. ‘ಯಾವ್ದ್ರಲ್ಲಿ ಬೇಯಿಸ್ದೆ ಅಂದೆ?’ ‘ಇಡ್ಲಿ ಪಾತ್ರೇಲಿ.’ ‘ನನ್ನ ಇಡ್ಲಿ ಪಾತ್ರೇಲಿ?’ ‘ಹುಣಸೆಹಣ್ಣು ಹಾಕಿ ತಿಕ್ಕಿದೀನಿ ಅತ್ತೆ.’ ‘ಅದರಲ್ಲೇ ಮೂರು ಸಲ ಇಡ್ಲಿ ತಿನ್ನಿಸ್ದೆ ನನಗೆ!’ ಮೂರು ವಾರದಿಂದ ಗುಹೆಯೊಳಗಿಂದ ಬಂದಂತೆ ಬರುತ್ತಿದ್ದ ಆ ದನಿ ಹಳೆಯ ಖಾರಕ್ಕೆ ಮರಳಿತ್ತು. ನನಗೆ ಅಷ್ಟು ಸಂತೋಷ ಈಚೆಗೆ ಯಾವ ಬೈಗುಳದಿಂದಲೂ ಆಗಿರಲಿಲ್ಲ. ಕೊನೆಗೆ ಅವರು, ‘ನೀನಾ ಮಾಡಿದ್ದು? ನಾನಲ್ವಾ?’ ಎಂದು ಸಣ್ಣಗೆ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹೋಗು, ಬಿಸಿನೀರು ಕಾಯ್ಸು. ಇನ್ನೊಂದು ಸಲ ಸ್ನಾನ ಮಾಡ್ತೀನಿ’ ಎಂದರು.

ಗೀಸರ್ ಹಾಕಿ ಹೊರಗೆ ಬಂದೆ. ಇಷ್ಟು ದೊಡ್ಡ ತಪ್ಪೊಪ್ಪಿಗೆ ಮಾಡಿದ ಮೇಲೆ ಎದೆ ಹಗುರವಾಗಿತ್ತು. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಯಜಮಾನರು ಏನಾದರೂ ಮೆಚ್ಚುಗೆ ಹೇಳಬಹುದೆಂದು ಕಾದೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಪಾಠ ಚೆನ್ನಾಗಿತ್ತು ಕಣೇ. ಆದ್ರೆ ಇಪ್ಪತ್ತು ನಿಮಿಷದಲ್ಲಿ ತಪ್ಪಾಯ್ತು ಅನ್ನೋ ಮಾತು ಒಂದು ಸಲಾನೂ ಬರ್ಲಿಲ್ಲ’ ಎಂದರು. ನಾನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮೊದಲಿನಿಂದ ಮತ್ತೆ ಓದಿಕೊಂಡೆ. ನಿಜ. ಸಾರಜನಕ ನಾಲ್ಕು ಸಲ ಬಂದಿತ್ತು.

ಈ ಸಲ ಬಿಡಬಾರದೆಂದು ನಿಶ್ಚಯಿಸಿ ಬಚ್ಚಲಿನ ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಂತೆ. ಒಳಗೆ ಬಿಸಿನೀರಿನ ಹಬೆ, ಚೊಂಬಿನ ಸದ್ದು. ‘ಅತ್ತೆ, ತಪ್ಪಾಯ್ತು’ ಎಂದೆ. ‘ಏನಂದೆ? ಕೇಳಿಸ್ಲಿಲ್ಲ’ ಎಂದರು ಒಳಗಿನಿಂದ. ‘ತಪ್ಪಾಯ್ತು ಅಂದೆ.’ ‘ನೀರಿನ ಸದ್ದಲ್ಲಿ ಏನೂ ಗೊತ್ತಾಗಲ್ಲ ಕಣೇ, ಜೋರಾಗಿ ಹೇಳು.’ ಹಿಂದಿನ ಕೋಣೆಯಲ್ಲಿ ಮಲಗಿದ್ದರೂ ಅಡುಗೆಮನೆಯಲ್ಲಿ ಹಾಲು ಉಕ್ಕುವ ಮೊದಲೇ ಎಚ್ಚರಿಸುವ ಕಿವಿ ಅದು. ಆದರೂ ನಾನು ಉಸಿರೆಳೆದುಕೊಂಡು, ಅರವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುತ್ತಿದ್ದ ದನಿಯಲ್ಲಿ, ‘ಅತ್ತೇ, ತಪ್ಪಾಯ್ತು!’ ಎಂದು ಕೂಗಿದೆ. ಮಹಡಿಯ ಬಾಡಿಗೆಯ ಹುಡುಗಿ ಗಾಬರಿಯಿಂದ ಮೆಟ್ಟಿಲಿನಲ್ಲಿ ಇಣುಕಿ, ‘ಏನಾಯ್ತು ಆಂಟಿ?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಹೋಯಿತು. ‘ಏನಿಲ್ಲ ಕಣಮ್ಮಾ, ನಮ್ಮ ಮೇಡಂ ಪಾಠ ಒಪ್ಪಿಸ್ತಾ ಇದಾರೆ. ಇನ್ನೂ ಸರಿಯಾಗಿ ಬಾಯಿಪಾಠ ಆಗಿಲ್ಲ.’

ನಾನು ಇನ್ನೊಂದು ಸಲ ಹೇಳಿದೆ.